ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್ ಕೊಳ್ಳುವ ಮುಂಚೆ: ಬೆಳಗಾವಿಯ ಮಳೆ, ವಿಜಯಪುರದ ಧೂಳು, ನಿಮ್ಮ ಕೋಣೆ

ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್ ಬೇಕು ಅಂತ ಆಸೆ ಹುಟ್ಟಿದ್ದರೆ ಮೊದಲು ಕೋಣೆ ಅಳೆಯಿರಿ. ಆಮೇಲೆ ಆಂಪ್ಲಿಫೈಯರ್ ನೋಡಿ. ಯಾವ ಸ್ಪೀಕರ್ ಅನ್ನೋದು ಕೊನೆಯ ಮಾತು. ಬಹಳ ಜನ ಇದನ್ನು ತಲೆಕೆಳಗು ಮಾಡುತ್ತಾರೆ. ಮೊದಲು ಸ್ಪೀಕರ್ ತಂದು, ಆಮೇಲೆ ಗೋಡೆಗೆ ಒತ್ತಿ ಇಟ್ಟು, ಹಳೆಯ ಹೋಮ್ ಥಿಯೇಟರ್ ರಿಸೀವರ್‌ಗೆ ಜೋಡಿಸಿ, 'ಇಷ್ಟು ದುಡ್ಡು ಕೊಟ್ಟರೂ ದನಿ ಬರ್ತಾ ಇಲ್ಲ' ಅಂತ ಬೇಜಾರು ಮಾಡಿಕೊಳ್ಳುತ್ತಾರೆ.

ಬೆಳಗಾವಿಯ ಶಹಾಪುರದಲ್ಲಿ ನನ್ನದು ಆಂಪ್ಲಿಫೈಯರ್, ರೇಡಿಯೋ ರಿಪೇರಿ ಅಂಗಡಿ. ಮನೆಯಲ್ಲಿ ಕ್ವಾಡ್ ಕಂಪನಿಯ ಒಂದು ಜೋಡಿ ಹಳೆಯ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್, ಇಎಸ್‌ಎಲ್-63, ಇದೆ. ಪುಣೆಯ ಒಂದು ಮನೆಯವರು ಊರು ಬಿಡುವಾಗ ಮಾರಿದ್ದು. ಅದನ್ನು ಕೇಳಿಹೋದವರೆಲ್ಲ ಆಮೇಲೆ ಅಂಗಡಿಗೆ ಬಂದು 'ನಮಗೂ ಒಂದು ಜೋಡಿ ಕೊಡಸ್ರಿ' ಅನ್ನುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಳಗೆ ಏನಿದೆ ಅಂತ ತಿಳಿದರೆ ಮುಂದಿನದೆಲ್ಲ ಸಲೀಸು. ಸಾಮಾನ್ಯ ಸ್ಪೀಕರ್‌ನಲ್ಲಿ ಕಾಯಿಲ್, ಆಯಸ್ಕಾಂತ, ಕಾಗದದ ಶಂಕು ಇರುತ್ತವೆ. ಇದರಲ್ಲಿ ಅವು ಯಾವುವೂ ಇಲ್ಲ. ಎರಡು ತೂತುತೂತಾದ ಲೋಹದ ತಗಡು, ನಡುವೆ ಬಿಗಿಯಾಗಿ ಎಳೆದು ಕಟ್ಟಿದ ಒಂದು ಪ್ಲಾಸ್ಟಿಕ್ ಹಾಳೆ, ಅಷ್ಟೇ. ಹಾಳೆ ಕೆಲವೇ ಮೈಕ್ರಾನ್ ದಪ್ಪ. ಅದರ ಮೇಲೆ ವಿದ್ಯುತ್ತನ್ನು ಬಹಳ ಕಷ್ಟದಿಂದ ಹರಿಯಬಿಡುವ ಒಂದು ಲೇಪ ಇರುತ್ತದೆ. ಆ ಹಾಳೆಗೆ ಸಾವಿರಾರು ವೋಲ್ಟ್ ಡಿಸಿ ಕೊಟ್ಟು ಚಾರ್ಜ್ ತುಂಬಿ ಇಡುತ್ತಾರೆ. ಆಂಪ್ಲಿಫೈಯರ್‌ನಿಂದ ಬಂದ ಸಂಗೀತ ಒಂದು ಟ್ರಾನ್ಸ್‌ಫಾರ್ಮರ್ ಮೂಲಕ ನೂರು ಪಟ್ಟಿನ ಹತ್ತಿರ ಏರಿ ಎರಡೂ ತಗಡುಗಳಿಗೆ ಎದುರುಬದುರಾಗಿ ಹೋಗುತ್ತದೆ. ಒಂದು ತಗಡು ಹಾಳೆಯನ್ನು ಸೆಳೆದರೆ ಇನ್ನೊಂದು ದೂಡುತ್ತದೆ. ತಗಡು, ಹಾಳೆ ಸೇರಿದ ಈ ಜೋಡಣೆಗೇ ಪ್ಯಾನೆಲ್ ಅನ್ನುತ್ತಾರೆ.

ಇಲ್ಲಿ ನೋಡಬೇಕಾದ ಮಾತು ಒಂದಿದೆ. ಹಾಳೆಯ ಪೂರ್ತಿ ಮೈಗೂ ಒಂದೇ ಬಲ ಬೀಳುತ್ತದೆ. ಶಂಕುವಿನಲ್ಲಿ ಕಾಯಿಲ್ ಬರೀ ನಡುವನ್ನು ದೂಡುತ್ತದೆ. ಅಂಚು ತನ್ನಿಷ್ಟಕ್ಕೆ ಅಲುಗುತ್ತದೆ. ಹಾಳೆಗೆ ಆ ತೊಂದರೆ ಇಲ್ಲ. ತೂಕವೂ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ದನಿ ಶುರುವಾಗಬೇಕಾದಲ್ಲಿ ಶುರುವಾಗುತ್ತದೆ, ನಿಲ್ಲಬೇಕಾದಲ್ಲಿ ನಿಲ್ಲುತ್ತದೆ. ಮಿರಜ್‌ನ ಒಳ್ಳೆಯ ತಂಬೂರಿಯೊಂದರ ಜವಾರಿಯನ್ನು, ಅಂದರೆ ತಂತಿಯ ಝೇಂಕಾರವನ್ನು, ಇದರಲ್ಲಿ ಕೇಳಿ. ಪ್ರತಿ ತಂತಿಯ ಮೀಟು, ಅದರ ಹಿಂದೆ ಏಳುವ ಸಣ್ಣ ಸ್ವರಗಳು ಬಿಡಿಬಿಡಿಯಾಗಿ ಕೇಳುತ್ತವೆ. ನಮ್ಮ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ಹಳೆಯ ಧ್ವನಿಮುದ್ರಣ ಹಾಕಿದರೆ ಅವರು ಉಸಿರು ತೆಗೆದುಕೊಳ್ಳುವ ಜಾಗ ಕೂಡ ಗೊತ್ತಾಗುತ್ತದೆ. ನಾನು ಈ ಸ್ಪೀಕರ್‌ಗೆ ಮನಸೋತದ್ದು ಇದಕ್ಕೇ.

ಆದರೆ ಗಣಪತಿ ಹಬ್ಬದ ಡಾಲ್ಬಿಯ ಹಾಗೆ ಎದೆ ಗುದ್ದುವ ಬೇಸ್ ಬೇಕು ಅನ್ನುವವರು ಇಲ್ಲಿಗೇ ಬಿಟ್ಟುಬಿಡಿ. ಹಾಳೆ ಮುಂದಕ್ಕೂ ದನಿ ಬಿಡುತ್ತದೆ, ಹಿಂದಕ್ಕೂ ಬಿಡುತ್ತದೆ. ಹಿಂದಿನದು ಉಲ್ಟಾ. ಬೇಸ್‌ನ ಉದ್ದ ಅಲೆಗಳು ಅಂಚನ್ನು ಸುತ್ತಿ ಬಂದು ಒಂದನ್ನೊಂದು ಕೊಂದುಹಾಕುತ್ತವೆ. ಹಾಳೆ ಹೆಚ್ಚು ದೂರ ಅಲುಗುವಂತೆಯೂ ಇಲ್ಲ, ತಗಡಿಗೆ ತಾಗುತ್ತದೆ. ಈ ಎರಡು ಕಟ್ಟುಪಾಡುಗಳ ಜೊತೆ ಗುದ್ದಾಡಿದ್ದೇ ಈ ಸ್ಪೀಕರ್‌ನ ಇತಿಹಾಸ. ಒಬ್ಬೊಬ್ಬ ವಿನ್ಯಾಸಕಾರ ಒಂದನ್ನು ಗೆದ್ದು ಇನ್ನೊಂದನ್ನು ಬಿಟ್ಟುಕೊಟ್ಟಿದ್ದಾನೆ. ಯಾರು ಏನು ಬಿಟ್ಟುಕೊಟ್ಟರು ಅಂತ ತಿಳಿದುಕೊಂಡರೆ ನಿಮಗೆ ಯಾವುದು ಹೊಂದುತ್ತದೆ ಅನ್ನೋದು ತಾನಾಗಿ ಗೊತ್ತಾಗುತ್ತದೆ.

ಯಾವ ಪೀಳಿಗೆಯದು ನಿಮಗೆ?

ಇಂದಿನ ಕಾಯಿಲ್ ಸ್ಪೀಕರ್‌ಗೆ 1925ರಲ್ಲಿ ರೂಪ ಕೊಟ್ಟ ಇಬ್ಬರಲ್ಲಿ ಒಬ್ಬನಾದ ಎಡ್ವರ್ಡ್ ಕೆಲಾಗ್ ಎಲೆಕ್ಟ್ರೋಸ್ಟ್ಯಾಟಿಕ್‌ಗೂ ಪೇಟೆಂಟ್ ಪಡೆದಿದ್ದ. ಅದು ಸಿಕ್ಕಿದ್ದು 1934ರಲ್ಲಿ. ಆಗ ಕೊರತೆ ಇದ್ದದ್ದು ಸಾಮಾನಿನದು. ತೆಳ್ಳಗೂ ಗಟ್ಟಿಗೂ ಇರುವ ಹಾಳೆ ಇರಲಿಲ್ಲ. ಎರಡನೇ ಮಹಾಯುದ್ಧದ ನಂತರ ಪಾಲಿಯೆಸ್ಟರ್ ಹಾಳೆ ಬಂತು, ದಾರಿ ತೆರೆಯಿತು. ಅಮೆರಿಕದಲ್ಲಿ ಆರ್ಥರ್ ಜಾನ್ಸೆನ್ 1950ರ ದಶಕದ ಮೊದಲಲ್ಲಿ ಟ್ವೀಟರ್ (ಏರು ಸ್ವರಗಳಿಗೆ ಮಾತ್ರ) ಪ್ಯಾನೆಲ್ ಮಾಡಿದ, ಮುಂದೆ ಎಲ್ಲ ಸ್ವರಗಳನ್ನೂ ಹಾಳೆಯಿಂದಲೇ ಕೊಡುವ ಕೆಎಲ್‌ಎಚ್ ನೈನ್ ಸ್ಪೀಕರ್ ಬಂತು.

ಮನೆಮನೆಗೆ ಹೆಸರು ಮುಟ್ಟಿಸಿದ್ದು ಇಂಗ್ಲೆಂಡಿನ ಹಂಟಿಂಗ್ಡನ್‌ನ ಪೀಟರ್ ವಾಕರ್. ಅವನ ಕ್ವಾಡ್ ಇಎಸ್‌ಎಲ್ 1957ರಲ್ಲಿ ಮಾರುಕಟ್ಟೆಗೆ ಬಂತು, 1985ರ ವರೆಗೂ ತಯಾರಾಯಿತು. ಈಗ ಎಲ್ಲರೂ ಅದನ್ನು '57' ಅನ್ನುತ್ತಾರೆ. ಕುಳ್ಳಗೆ, ಅಗಲವಾಗಿ, ಸ್ವಲ್ಪ ಹಿಂದಕ್ಕೆ ವಾಲಿ ಮರದ ಕಾಲಿನ ಮೇಲೆ ನಿಂತಿರುತ್ತದೆ. ಅಕ್ಕಪಕ್ಕ ಎರಡು ಬೇಸ್ ಪ್ಯಾನೆಲ್, ನಡುವೆ ಟ್ರೆಬಲ್ (ಏರು ಸ್ವರಗಳದ್ದು). ಹಾಡುವ ಕಂಠಕ್ಕೆ ಇದರಷ್ಟು ನಿಜವಾದ ಸ್ಪೀಕರ್ ನಾನು ಬೇರೆ ಕೇಳಿಲ್ಲ. ಆದರೆ ಒಬ್ಬರು ಮಾತ್ರ ಸರಿಯಾದ ಜಾಗದಲ್ಲಿ ಕೂರಬಹುದು. ಪಕ್ಕಕ್ಕೆ ಸರಿದರೆ ಟ್ರೆಬಲ್ ಮಾಯ. ವಾಲ್ಯೂಮ್ ಜಾಸ್ತಿ ಸಲ್ಲದು. ಇದರ ಮಿತಿ 33 ವೋಲ್ಟ್ ಪೀಕ್. ಇಂದಿನ 100 ವ್ಯಾಟ್ ಆಂಪ್ಲಿಫೈಯರ್ ಸುಮಾರು 40 ವೋಲ್ಟ್ ಕೊಟ್ಟು ಟ್ರೆಬಲ್ ಪ್ಯಾನೆಲ್‌ನಲ್ಲಿ ಕಿಡಿ ಹಾರಿಸಿಬಿಡುತ್ತದೆ. ಆ ಕಾಲದಲ್ಲಿ ಇದಕ್ಕೆ ಜೊತೆಯಾಗಿದ್ದದ್ದು 15 ವ್ಯಾಟ್‌ನ ಕ್ವಾಡ್ 2 ವಾಲ್ವ್ ಆಂಪ್ಲಿಫೈಯರ್. ಮೊದಲ ಸಲ ಕೊಳ್ಳುವವರಿಗೆ 57 ಬೇಡ ಅನ್ನುತ್ತೇನೆ. ರಿಪೇರಿ ಬಲ್ಲವರಿಗೆ ಸರಿ.

ವಾಕರ್ 1963ರಲ್ಲಿ ಶುರು ಮಾಡಿದ ಕೆಲಸ 1981ರಲ್ಲಿ ಇಎಸ್‌ಎಲ್-63 ಆಗಿ ಹೊರಬಂತು. ಇದರ ಜಾಣತನ ನೋಡಿ: ತಗಡನ್ನು ಒಂದರೊಳಗೊಂದು ಉಂಗುರಗಳಾಗಿ ಸೀಳಿದ್ದಾರೆ. ಸಂಗೀತ ಮೊದಲು ನಡುವಿನ ಉಂಗುರಕ್ಕೆ ಹೋಗುತ್ತದೆ, ಆಮೇಲೆ ಚೂರುಚೂರೇ ತಡವಾಗಿ ಹೊರಗಿನವಕ್ಕೆ. ತಡ ಮಾಡಿಸಲು ಕಾಯಿಲ್‌ಗಳ ಸಾಲು ಇದೆ. ಫಲ ಏನು ಅಂದರೆ ಹಾಳೆಯ ಹಿಂದೆ ಸುಮಾರು 30 ಸೆಂಟಿಮೀಟರ್ ದೂರದ ಒಂದು ಚುಕ್ಕೆಯಿಂದ ದನಿ ಹರಡಿದ ಹಾಗೆ ಕೇಳುತ್ತದೆ. ಚಪ್ಪಟೆ ಹಾಳೆಯಿಂದ ಗೋಳಾಕಾರದ ಅಲೆ! ಮಿತಿ ಮೀರಿದ ವೋಲ್ಟೇಜ್ ಬಂದರೆ ತಡೆಯುವ ಸರ್ಕ್ಯೂಟೂ ಇದೆ, ಒಳಗೆ ಕಿಡಿ ಹುಟ್ಟಿದರೆ ಅದನ್ನು ಹಿಡಿದು ಸಂಗೀತವನ್ನು ನಿಲ್ಲಿಸುವ ಸರ್ಕ್ಯೂಟೂ ಇದೆ. ಇದರ ಮಕ್ಕಳು 988, 989, ಆಮೇಲೆ 2805, 2905, ಅದರ ಮುಂದೆ 2812, 2912. ಪ್ರತಿ ಜೊತೆಯಲ್ಲಿ ದೊಡ್ಡ ಸಂಖ್ಯೆಯದಕ್ಕೆ ಎರಡು ಬೇಸ್ ಪ್ಯಾನೆಲ್ ಜಾಸ್ತಿ. ಮೂಲ ಉಪಾಯ ಇವತ್ತಿಗೂ ಬದಲಾಗಿಲ್ಲ.

ಅಮೆರಿಕದ ಕನ್ಸಾಸ್‌ನ ಮಾರ್ಟಿನ್‌ಲೋಗನ್ ಬೇರೆ ದಾರಿ ಹಿಡಿಯಿತು. ಗೇಲ್ ಮಾರ್ಟಿನ್ ಸ್ಯಾಂಡರ್ಸ್, ರಾನ್ ಲೋಗನ್ ಸದರ್‌ಲ್ಯಾಂಡ್ ಇಬ್ಬರ ಹೆಸರಿನಿಂದ ಬಂದ ಕಂಪನಿ. ಉಂಗುರ, ತಡ ಯಾವುದೂ ಇಲ್ಲ. ಪ್ಯಾನೆಲ್ಲನ್ನೇ ಅಡ್ಡಕ್ಕೆ 30 ಡಿಗ್ರಿ ಬಾಗಿಸಿಬಿಟ್ಟರು. ಬೇಸ್‌ಗೆ ಕೆಳಗೆ ಪೆಟ್ಟಿಗೆಯಲ್ಲಿ ಸಾಮಾನ್ಯ ವೂಫರ್ ಇಟ್ಟರು. ಮೊದಲನೆಯದಾದ ಮೊನೊಲಿತ್ ಬಂದದ್ದು 1983ರಲ್ಲಿ. 1986ರ ಸಿಎಲ್‌ಎಸ್‌ನಲ್ಲಿ ಮಾತ್ರ ವೂಫರ್ ಇರಲಿಲ್ಲ, ಪೂರ್ತಿ ಹಾಳೆಯೇ. ಇತ್ತೀಚಿನವುಗಳಲ್ಲಿ ಎಲೆಕ್ಟ್ರೋಮೋಷನ್ ಇಎಸ್‌ಎಲ್ ಚಿಕ್ಕದು: 8 ಇಂಚು ವೂಫರ್, 500 ಹರ್ಟ್ಸ್‌ನಿಂದ ಮೇಲೆ ಹಾಳೆ. ದೊಡ್ಡವುಗಳಲ್ಲಿ ಒಂದು ರೆನೆಸಾನ್ಸ್ ಇಎಸ್‌ಎಲ್ 15ಎ: 15 ಇಂಚು ಅಗಲದ ಪ್ಯಾನೆಲ್, ತಲಾ ಎರಡು 12 ಇಂಚು ವೂಫರ್, ಅವಕ್ಕೆ ಒಳಗೇ 500 ವ್ಯಾಟ್‌ನ ಆಂಪ್ಲಿಫೈಯರ್‌ಗಳು. ಅದು ಬಂದಾಗ ಅಮೆರಿಕದಲ್ಲೇ ಜೋಡಿಗೆ ಸುಮಾರು 25 ಸಾವಿರ ಡಾಲರ್ ಇತ್ತು.

ಹಾಳೆ, ವೂಫರ್ ಎರಡೂ ಸೇರಿದ ಇಂಥ ಹೈಬ್ರಿಡ್‌ನಲ್ಲಿ ತಬಲಾದ ಡಗ್ಗಾ ತುಂಬಿ ಬರುತ್ತದೆ. ಆದರೆ ದಾಯಾಂ ಹಾಳೆಯಿಂದ, ಡಗ್ಗಾ ಶಂಕುವಿನಿಂದ. ಎರಡರ ಬೆಸುಗೆ ಕೆಲವು ಹಳೆಯ ಮಾದರಿಗಳಲ್ಲಿ ಕಿವಿಗೆ ಸಿಕ್ಕಿಬಿಡುತ್ತದೆ. ಹೊಸವುಗಳಲ್ಲಿ ಬಹಳ ಸುಧಾರಿಸಿದೆ. ನಮ್ಮ ಕಡೆ ಮನೆಮಂದಿ ಎಲ್ಲ ಕೂತು ಕೇಳುತ್ತಾರೆ, ಸಿನಿಮಾನೂ ನೋಡುತ್ತಾರೆ. ಅಂಥ ಮನೆಗೆ ಹೈಬ್ರಿಡ್ಡೇ ಸರಿ ಅಂತ ನನ್ನ ಅಭಿಪ್ರಾಯ. ಒಬ್ಬರೇ ಕೂತು ಗಾಯನ ಕೇಳುವವರಿಗೆ ಕ್ವಾಡ್.

ಇನ್ನೂ ಇದ್ದಾರೆ. ಯೂಟಾದ ಸೌಂಡ್‌ಲ್ಯಾಬ್ ಆಳೆತ್ತರ ಮೀರಿದ ಪೂರ್ಣ ಪ್ಯಾನೆಲ್ ಮಾಡುತ್ತದೆ. ಕೊಲೊರಾಡೊದ ರೋಜರ್ ಸ್ಯಾಂಡರ್ಸ್ ಬೇಕೆಂದೇ ಚಪ್ಪಟೆ ಪ್ಯಾನೆಲ್ ಇಡುತ್ತಾನೆ. ದನಿ ಹರಡದೇ ನೇರ ಬಂದರೆ ಗೋಡೆಯ ಕಾಟ ಕಡಿಮೆ ಅನ್ನೋದು ಅವನ ವಾದ. ಇವು ನಮ್ಮ ಕಡೆ ಸಿಗುವುದು ಅಪರೂಪ.

ಎಲ್ಲಿ ಸಿಗುತ್ತದೆ, ಹೇಗೆ ತರೋದು

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಅಂಗಡಿಗಳಲ್ಲಿ ಹುಡುಕಿ ಕಾಲ ಕಳೆಯಬೇಡಿ. ಮುಂಬೈ, ಪುಣೆ, ಬೆಂಗಳೂರು, ಹೈದರಾಬಾದಿನ ಹೈ-ಎಂಡ್ ಆಡಿಯೋ ಅಂಗಡಿಗಳಿಗೆ ಮೊದಲೇ ಫೋನ್ ಮಾಡಿ, ಕೇಳಲು ಜೋಡಿಸಿ ಇಟ್ಟದ್ದು ಇದೆಯಾ ಅಂತ ಖಚಿತ ಮಾಡಿಕೊಂಡೇ ಹೊರಡಿ. ಹೊಸದು ಬಹಳ ಸಲ ಆರ್ಡರ್ ಮೇಲೆ ಬರುತ್ತದೆ. ಅಧಿಕೃತ ಆಮದುದಾರರ ಹತ್ತಿರ ಕೊಳ್ಳುವುದಾದರೆ ಒಂದು ಪ್ರಶ್ನೆ ತಪ್ಪದೇ ಕೇಳಿ: ಪ್ಯಾನೆಲ್ ಹೋದರೆ ಬದಲಿ ಪ್ಯಾನೆಲ್ ಎಷ್ಟಕ್ಕೆ, ಎಷ್ಟು ದಿನಕ್ಕೆ? ಉತ್ತರವನ್ನು ಬರೆದು ಕೊಡಲಿ. ಈ ಸ್ಪೀಕರ್‌ನಲ್ಲಿ ಸವೆಯುವ ಭಾಗವೇ ಅದು.

ನೀವೇ ಹೊರದೇಶದಿಂದ ತರಿಸಿದರೆ ಸಾಗಣೆ, ಕಸ್ಟಮ್ಸ್ ಸುಂಕ, ಐಜಿಎಸ್‌ಟಿ ಎಲ್ಲ ಕೂಡಿಸಿಯೇ ಲೆಕ್ಕ ಹಾಕಿ. ಅಮೆರಿಕದ ಮಾಲು 120 ವೋಲ್ಟಿನದಾಗಿರಬಹುದು. ನಮ್ಮ 230ಕ್ಕೆ ಬದಲಿಸಲು ಬರುತ್ತದಾ ಅಂತ ಹಿಂಬದಿಯ ಪಟ್ಟಿಯ ಫೋಟೋ ತರಿಸಿ ನೋಡಿ.

ಸೆಕೆಂಡ್‌ಹ್ಯಾಂಡ್‌ನಲ್ಲಿ ಒಂದು ಎಚ್ಚರ. ಚಪ್ಪಟೆ ಸ್ಪೀಕರ್ ಎಲ್ಲವನ್ನೂ ಎಲೆಕ್ಟ್ರೋಸ್ಟ್ಯಾಟಿಕ್ ಅಂತ ಮಾರುವವರಿದ್ದಾರೆ. ಮ್ಯಾಗ್ನೆಪ್ಯಾನ್ ಒಳ್ಳೆಯ ಸ್ಪೀಕರ್, ಆದರೆ ಅದು ಆಯಸ್ಕಾಂತದ್ದು. ಸುಲಭ ಗುರುತು ಹಿಂದಿನ ಕರೆಂಟ್ ವೈರ್. ಹಾಳೆಗೆ ಚಾರ್ಜ್ ಕೊಡಲು ಬಹುತೇಕ ಎಲ್ಲ ಎಲೆಕ್ಟ್ರೋಸ್ಟ್ಯಾಟಿಕ್‌ಗೂ ಮೇನ್ಸ್ ಬೇಕು. 'ಏನ್ರೀ, ಸ್ಪೀಕರಿಗೆ ಕರೆಂಟ್ ಯಾಕ ಬೇಕು?' ಅಂತ ಅಂಗಡಿಯಲ್ಲಿ ಕೇಳುವವರಿಗೆ ಇದೇ ಉತ್ತರ.

ಹಳೆಯ ಜೋಡಿ ನೋಡಲು ಹೋದಾಗ ಒಂದು ಟಾರ್ಚ್ ಒಯ್ಯಿರಿ. ಮೊದಲು ಸ್ಪೀಕರ್‌ನ ಸ್ವಿಚ್ ಆರಿಸಿ, ಜಾಲರಿಯ ಮೂಲಕ ಬೆಳಕು ಬಿಟ್ಟು ನೋಡಿ. ಕಂದು ಚುಕ್ಕೆ ಕಂಡರೆ ಅಲ್ಲಿ ಕಿಡಿ ಹಾರಿದೆ. ಹಾಳೆ ಸುಕ್ಕಾಗಿದ್ದರೆ ಬಿಗಿ ಹೋಗಿದೆ. ಕ್ವಾಡ್‌ನಲ್ಲಿ ಪ್ಯಾನೆಲ್‌ನ ಹಿಂದೆ ಮುಂದೆ ಧೂಳು ತಡೆಯುವ ಇನ್ನೊಂದು ತೆಳು ಹಾಳೆ ಇರುತ್ತದೆ. ಅದು ಹರಿದಿದೆಯಾ ನೋಡಿ. ಇಎಸ್‌ಎಲ್-63ರಲ್ಲಿ ವಯಸ್ಸಾದ ಅಂಟು ಬಿಟ್ಟು ಪ್ಯಾನೆಲ್ ಹಾಳಾಗುವುದು ಗೊತ್ತಿರುವ ಕಾಯಿಲೆ. ಪ್ಯಾನೆಲ್ ಹೊಸದಾಗಿ ಕಟ್ಟಿಸಿದ್ದಾರಾ, ಯಾವಾಗ, ಬಿಲ್ ಇದೆಯಾ ಅಂತ ಕೇಳಿ.

ಆಮೇಲೆ ಪ್ಲಗ್ ಹಾಕಿಸಿ, ಚಾರ್ಜ್ ತುಂಬಲು ಬಿಡಿ. ಅವಸರ ಬೇಡ, ಚಹಾ ಕುಡಿಯಿರಿ. ಎರಡಕ್ಕೂ ಒಂದೇ ಮೊನೊ ಹಾಡು ಹಾಕಿ ಬ್ಯಾಲೆನ್ಸ್ ತಿರುಗಿಸುತ್ತ ಎಡ ಬಲ ಹೋಲಿಸಿ. ಒಂದು ಮೆತ್ತಗಿದ್ದರೆ ಅದರ ಪ್ಯಾನೆಲ್ಲೋ ಹೈವೋಲ್ಟೇಜ್ ಬೋರ್ಡೋ ಸೋತಿದೆ. ಕೊನೆಗೆ ನನಗೆ ಬಹಳ ನಂಬಿಕೆಯ ಪರೀಕ್ಷೆ: ಹಾಡು ನಡೆಯುತ್ತಿರುವಾಗಲೇ ಸ್ಪೀಕರ್‌ಗಳ ಮೇನ್ಸ್ ಪ್ಲಗ್ ಮಾತ್ರ ತೆಗೆಯಿರಿ. ದನಿ ತಟ್ಟನೆ ನಿಲ್ಲುವುದಿಲ್ಲ. ಹಾಳೆಯ ಮೇಲೆ ಉಳಿದ ಚಾರ್ಜ್‌ನಲ್ಲೇ ಹಾಡು ಮುಂದುವರಿದು ಮೆಲ್ಲಗೆ ಇಳಿಯುತ್ತದೆ. ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಇಳಿಯಬೇಕು. ಒಂದು ಬೇಗ ಸತ್ತರೆ ಅದು ಎಲ್ಲೋ ಚಾರ್ಜ್ ಸೋರಿಸುತ್ತಿದೆ. ಹೈಬ್ರಿಡ್‌ನಲ್ಲಿ ಈ ಪರೀಕ್ಷೆ ಮಾಡುವಾಗ ವೂಫರ್ ದನಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಕಿವಿಯನ್ನು ಪ್ಯಾನೆಲ್ ಹತ್ತಿರ ಇಡಿ.

ತರುವಾಗ ನಿಲ್ಲಿಸಿಯೇ ತನ್ನಿ. ಮೂಲ ಪೆಟ್ಟಿಗೆ ಇದ್ದರೆ ಅದಕ್ಕೆ ಬೇರೆ ದುಡ್ಡು ಕೊಟ್ಟಾದರೂ ತೆಗೆದುಕೊಳ್ಳಿ. ಬೇರೆ ಮಾಲಿನ ಜೊತೆ ಲಾರಿಯಲ್ಲಿ ಹಾಕಬೇಡಿ. ನನ್ನ ಗಿರಾಕಿಯೊಬ್ಬರ ಜೋಡಿಯ ಮೇಲೆ ಸಾಗಾಟದವರು ಮೂಟೆ ಒರಗಿಸಿ ಒಂದು ಪ್ಯಾನೆಲ್ ಬಾಗಿ ಬಂತು. ಸಣ್ಣ ಗಾಡಿಯೊಂದನ್ನೇ ಬಾಡಿಗೆ ಮಾಡಿ, ಮನೆಯ ಒಬ್ಬರು ಜೊತೆಗೆ ಕೂತು ಬರಲಿ. ದೊಡ್ಡ ಹೈಬ್ರಿಡ್ ಒಂದೊಂದೇ 60 ಕಿಲೋ ಮೀರುತ್ತದೆ, ಮೆಟ್ಟಿಲಿದ್ದರೆ ಹಮಾಲರಿಗೆ ಮೊದಲೇ ಹೇಳಿಡಿ.

ಆಂಪ್ಲಿಫೈಯರ್

ಈ ಸ್ಪೀಕರ್ ಆಂಪ್ಲಿಫೈಯರ್‌ಗೆ ಒಂದು ದೊಡ್ಡ ಕೆಪಾಸಿಟರ್‌ನಂತೆ ಕಾಣುತ್ತದೆ. ಫ್ರೀಕ್ವೆನ್ಸಿ ಏರಿದಂತೆ ಇಂಪೀಡೆನ್ಸ್ (ಕರೆಂಟ್‌ಗೆ ಒಡ್ಡುವ ತಡೆ) ಇಳಿಯುತ್ತದೆ. ಕೆಲವು ಹೈಬ್ರಿಡ್‌ಗಳಲ್ಲಿ 20 ಸಾವಿರ ಹರ್ಟ್ಸ್ ಹತ್ತಿರ 1 ಓಮ್‌ಗಿಂತ ಕೆಳಗೆ ಹೋಗುತ್ತದೆ. ಪೆಟ್ಟಿಗೆಯ ಮೇಲೆ '4 ಓಮ್' ಅಂತ ಬರೆದಿದ್ದರೂ ಅಷ್ಟೇ. ಸಾದಾ ರಿಸೀವರ್ ಆದರೆ ಪ್ರೊಟೆಕ್ಷನ್‌ಗೆ ಹೋಗಿ ಟಪ್ ಅಂತ ಆರುತ್ತದೆ. 2 ಓಮ್‌ಗೂ ಅಲುಗದ, ಗಟ್ಟಿ ಪವರ್ ಸಪ್ಲೈ ಇರುವ ಆಂಪ್ಲಿಫೈಯರ್ ಬೇಕು. ವಾಲ್ವ್ ಆಂಪ್ಲಿಫೈಯರ್ ಇದ್ದರೆ 4 ಓಮ್ ಟ್ಯಾಪ್‌ಗೆ ಹಾಕಿ ಕೇಳಿ, ಟ್ರೆಬಲ್ ಹೆಚ್ಚು ನೆಟ್ಟಗಿರುತ್ತದೆ. ವ್ಯಾಟ್ ಲೆಕ್ಕಕ್ಕಿಂತ ಇದು ಮುಖ್ಯ.

ಕೋಣೆಯಲ್ಲಿ ನಿಲ್ಲಿಸುವುದು

ಹಿಂದಿನ ಗೋಡೆಯಿಂದ ಕನಿಷ್ಠ 1 ಮೀಟರ್ ಮುಂದೆ ಇಡಿ. ಸಾಧ್ಯವಾದರೆ ಇನ್ನೂ ಜಾಸ್ತಿ. 1 ಮೀಟರ್ ಇದ್ದರೆ ಹಿಂದಕ್ಕೆ ಹೋದ ದನಿ ಗೋಡೆಗೆ ಬಡಿದು ಬರುವಷ್ಟರಲ್ಲಿ ಸುಮಾರು 6 ಮಿಲಿಸೆಕೆಂಡ್ ಆಗಿರುತ್ತದೆ; ಕಿವಿ ಅದನ್ನು ಕೋಣೆಯ ಗಾಳಿ ಅಂತ ತಿಳಿಯುತ್ತದೆ. ಇನ್ನೂ ಹತ್ತಿರ ಇಟ್ಟರೆ ಮೂಲ ದನಿಯೊಂದಿಗೆ ಕಲಸಿಹೋಗುತ್ತದೆ. ಹಾಗಾಗಿ 10 ಅಡಿ ಉದ್ದದ ಕೋಣೆಯವರು ಈ ಆಸೆ ಸದ್ಯಕ್ಕೆ ಬಿಡುವುದು ಒಳ್ಳೆಯದು. ಬಾಗಲಕೋಟೆ ನವನಗರದ ಹೊಸ ಮನೆಗಳ ಹಾಲ್ ಆದರೆ ಸಾಕಾಗಬಹುದು.

ಹಾಲ್ ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಟರ್ರ್ ಅಂತ ಬಾಲ ಬಂದರೆ ಎದುರುಬದುರು ಗೋಡೆ ಬೋಳಾಗಿವೆ. ಸ್ಲ್ಯಾಬಿನ ಮನೆ, ನುಣುಪು ಟೈಲ್ಸ್, ಶಹಾಬಾದ್ ಕಲ್ಲು ಎಲ್ಲದರಲ್ಲೂ ಇದು ಇದ್ದದ್ದೇ. ದುಬಾರಿ ಫೋಮ್ ತರಿಸುವ ಮುಂಚೆ ಅಜ್ಜಿ ಹೊಲಿದ ಕೌದಿ ತೆಗೆಯಿರಿ. ಪದರ ಪದರ ಹಳೆಯ ಬಟ್ಟೆ, ಒಳ್ಳೆಯ ತೂಕ. ಸ್ಪೀಕರ್ ಹಿಂದಿನ ಗೋಡೆಗೆ ನಾಲ್ಕು ಬೆರಳು ಬಿಟ್ಟು ಕೌದಿ ತೂಗುಹಾಕಿ ಕೇಳಿ, ತೆಗೆದು ಕೇಳಿ. ಕಂಠದ ಅಂಚು ಯಾವಾಗ ಸ್ಪಷ್ಟವಾಗುತ್ತದೋ ಹಾಗೆ ಬಿಡಿ. ನೆಲಕ್ಕೆ ಜಮಖಾನ ಸಾಕು.

ಬಾಗಿದ ಪ್ಯಾನೆಲ್ ಆದರೆ ಕೋನ ಸರಿಮಾಡಲು ಮತ್ತೆ ಟಾರ್ಚ್. ಕೇಳುವ ಜಾಗದಲ್ಲಿ ಕೂತು ಗದ್ದದ ಕೆಳಗೆ ಟಾರ್ಚ್ ಹಿಡಿದು ಪ್ಯಾನೆಲ್‌ಗೆ ಬಿಡಿ. ಅದರ ಪ್ರತಿಬಿಂಬ ಪ್ಯಾನೆಲ್‌ನ ಒಳಗಡೆಯ ಮೂರನೇ ಒಂದು ಭಾಗದಲ್ಲಿ ಕಾಣುವವರೆಗೆ ಸ್ಪೀಕರ್ ತಿರುಗಿಸಿ. ಎರಡೂ ಕಡೆ ಒಂದೇ ಜಾಗದಲ್ಲಿ ಕಾಣಬೇಕು. ಬೆರಳಗಲ ಸರಿಸಿದರೂ ವ್ಯತ್ಯಾಸ ಕೇಳುತ್ತದೆ, ಇದಕ್ಕೆ ಒಂದು ಸಂಜೆ ಕೊಡಿ.

ಮಳೆ, ಧೂಳು, ಸಿಡಿಲು

ಬೆಳಗಾವಿ, ಖಾನಾಪುರದವರಿಗೆ ಇದೇ ದೊಡ್ಡ ಪಾಠ. ಜುಲೈನಲ್ಲಿ ಬಟ್ಟೆ ಒಣಗದ ವಾರಗಳಲ್ಲಿ ಪ್ಯಾನೆಲ್‌ನ ಅಂಚಿನ ತೇವದ ಮೂಲಕ ಚಾರ್ಜ್ ಸೋರುತ್ತದೆ. ದನಿ ಮೆತ್ತಗಾಗುತ್ತದೆ. ಕಿವಿ ಹತ್ತಿರ ಒಯ್ದರೆ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಚಟಪಟ ಕೇಳುತ್ತದೆ. ಆಗ ಗಾಬರಿ ಬೀಳಬೇಡಿ. ಹಾಡು ನಿಲ್ಲಿಸಿ, ಪ್ಲಗ್ ತೆಗೆದು, ಕೋಣೆ ಒಣಗಿಸಿ. ಡೀಹ್ಯುಮಿಡಿಫೈಯರ್ ಇದ್ದರೆ ಒಳ್ಳೆಯದು, ಎಸಿಯ ಡ್ರೈ ಮೋಡ್ ಕೂಡ ನಡೆಯುತ್ತದೆ. ಒಣಗಿದ ಮೇಲೆ ಎಷ್ಟೋ ಪ್ಯಾನೆಲ್ ತಾನೇ ಚೇತರಿಸಿಕೊಳ್ಳುತ್ತದೆ. ಸಣ್ಣದೊಂದು ತೇವಾಂಶದ ಮೀಟರ್ ಸ್ಪೀಕರ್ ಪಕ್ಕ ಇಡಿ; ನಾನು ಶೇಕಡಾ 60ರ ಮೇಲೆ ಹೋಗಲು ಬಿಡುವುದಿಲ್ಲ. ಹೊರಗೋಡೆಗೆ ತೇವ ಹತ್ತಿದ್ದರೆ ಸ್ಪೀಕರ್‌ಗೆ ಬೇರೆ ಗೋಡೆ ಹುಡುಕಿ.

ವಿಜಯಪುರದಲ್ಲಿ ನಮ್ಮ ಅಕ್ಕನ ಮನೆ ಇದೆ. ಅಲ್ಲಿ ತೇವದ ಚಿಂತೆ ಕಡಿಮೆ, ಧೂಳಿನದೇ ಚಿಂತೆ. ಚಾರ್ಜ್ ಆದ ಹಾಳೆ ಧೂಳನ್ನು, ಹೊಗೆಯನ್ನು ಸೆಳೆಯುತ್ತದೆ. ಭಾವನವರ ಹೈಬ್ರಿಡ್ ಇರುವುದು ರಸ್ತೆ ಕಡೆಯ ಕೋಣೆಯಲ್ಲಿ. ಅಕ್ಕ ಹಳೆಯ ಇಳಕಲ್ ಸೀರೆ ಹೊಲಿದು ಗವಸು ಮಾಡಿದ್ದಾರೆ. ಪ್ಲಗ್ ತೆಗೆದಾಗ ಹಾಕುವುದು, ಹಾಡು ಹಾಕುವಾಗ ತೆಗೆಯುವುದು. ಊದುಬತ್ತಿ ಆ ಕೋಣೆಯಲ್ಲಿ ಹಚ್ಚುವುದಿಲ್ಲ. ಅಡುಗೆಮನೆಗೆ ತೆರೆದ ಹಾಲ್ ಆದರೆ ಒಗ್ಗರಣೆಯ ಎಣ್ಣೆ ಹೊಗೆಯೂ ಹಾಳೆಗೇ ಬಂದು ಕೂರುತ್ತದೆ, ನಡುವೆ ಪರದೆ ಬೇಕು.

ಗವಸಿನಂಥ ಒಳ ಹಾಳೆ ಇಲ್ಲದ ಮಾರ್ಟಿನ್‌ಲೋಗನ್ ಪ್ಯಾನೆಲ್ಲನ್ನು ವ್ಯಾಕ್ಯೂಮ್ ಮಾಡಬಹುದು. ರಾತ್ರಿಯೇ ಪ್ಲಗ್ ತೆಗೆದಿಡಿ. ಬೆಳಗ್ಗೆ ಮೆತ್ತನೆಯ ಬ್ರಷ್ ಮೂತಿ ಹಾಕಿ ಜಾಲರಿಯ ಮೇಲೆ ಹಗುರವಾಗಿ ಎಳೆಯಿರಿ. ಒದ್ದೆ ಬಟ್ಟೆ, ಸ್ಪ್ರೇ, ಊದುವ ಗಾಳಿ ಯಾವುದೂ ಬೇಡ. ಕ್ವಾಡ್‌ಗೆ ವ್ಯಾಕ್ಯೂಮ್ ಹಿಡಿಯಲೇಬೇಡಿ, ಧೂಳು ತಡೆಯುವ ಹಾಳೆ ಹರಿಯುತ್ತದೆ. ಹೊರಗಿನ ಬಟ್ಟೆಯನ್ನು ಒಣ ಬ್ರಷ್‌ನಿಂದ ಒರೆಸಿದರೆ ಸಾಕು.

ಕರೆಂಟ್ ಏರಿಳಿತ ಇರುವ ಕಡೆ ಸ್ಟೆಬಿಲೈಜರ್ ಹಾಕಿ. ಬೈಯಸ್‌ಗೆ, ಅಂದರೆ ಹಾಳೆಗೆ ಚಾರ್ಜ್ ಕೊಡಲು, ಬೇಕಾಗುವ ವಿದ್ಯುತ್ ಕೆಲವೇ ವ್ಯಾಟ್, ಸಣ್ಣದು ಸಾಕು. ಆಂಪ್ಲಿಫೈಯರ್ ಒಳಗೇ ಇರುವ ಹೈಬ್ರಿಡ್‌ಗೆ ಮಾತ್ರ ದೊಡ್ಡದು ಬೇಕು. ಏಪ್ರಿಲ್, ಮೇ ತಿಂಗಳ ಅಡ್ಡಮಳೆಯಲ್ಲಿ ಮೊದಲ ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು.

ಒಳಗೆ ಕೈ ಹಾಕುವ ವಿಚಾರ. ನಾನು ದಿನಾ ಸೋಲ್ಡರಿಂಗ್ ಹಿಡಿಯುವವನು, ನನಗೂ ಇಲ್ಲಿ ಭಯ ಇದೆ. ಬೈಯಸ್ 5 ಸಾವಿರ ವೋಲ್ಟ್ ಇದ್ದರೂ ಅದರ ಕರೆಂಟ್ ಬಹಳ ಸಣ್ಣದು. ನಿಜವಾದ ಅಪಾಯ ಟ್ರಾನ್ಸ್‌ಫಾರ್ಮರ್‌ನ ಆಚೆ ಬದಿ. ಅಲ್ಲಿ ಸಂಗೀತವೇ ಸಾವಿರಾರು ವೋಲ್ಟ್ ಆಗಿರುತ್ತದೆ, ಹಿಂದೆ ನಿಮ್ಮ ಆಂಪ್ಲಿಫೈಯರ್‌ನ ಶಕ್ತಿ ಪೂರ್ತಿ ನಿಂತಿರುತ್ತದೆ. ಅದು ಜೀವ ತೆಗೆಯಬಲ್ಲದು. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಹೈವೋಲ್ಟೇಜ್ ಕೆಲಸ ಗೊತ್ತಿಲ್ಲದವರು ಹಿಂಬದಿಯ ಸ್ಕ್ರೂ ಕೂಡ ಮುಟ್ಟಬಾರದು. ಪ್ಯಾನೆಲ್ ಸೋತರೆ ಸ್ಪೀಕರ್‌ನ ಸೀರಿಯಲ್ ನಂಬರ್, ಹಿಂಬದಿಯ ಫೋಟೋ, ಯಾವ ಬದಿ ಮೆತ್ತಗಿದೆ ಅನ್ನೋ ವಿವರ ಬರೆದುಕೊಂಡು ಮೊದಲು ಆಮದುದಾರರಿಗೆ ಕಳಿಸಿ. ಹೊಸ ಮಾರ್ಟಿನ್‌ಲೋಗನ್‌ಗೆ ಪ್ಯಾನೆಲ್ ಬಿಡಿಯಾಗಿ ಬರುತ್ತದೆ. ಹಳೆಯ ಕ್ವಾಡ್‌ಗೆ ಇಂಗ್ಲೆಂಡ್, ಜರ್ಮನಿಯಲ್ಲಿ ಪ್ಯಾನೆಲ್ ಮತ್ತೆ ಕಟ್ಟಿಕೊಡುವ ಕಸುಬಿನವರು ಇದ್ದಾರೆ. ಎಡ ಬಲ ಎರಡರ ವಯಸ್ಸೂ ಒಂದೇ ಆಗಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ. ಒಂದೇ ಬದಿ ಹೊಸದಾದರೆ ಹಾಡುಗಾರ ನಡುವೆ ನಿಲ್ಲದೆ ಹೊಸ ಪ್ಯಾನೆಲ್ ಕಡೆ ಸರಿದುಬಿಡುತ್ತಾನೆ.